ಇನ್ವರ್ಟರ್ ಇದ್ದರೂ ಮೆಟ್ಟಿಲು ಕತ್ತಲೆ

"ಇನ್ವರ್ಟರ್ ಐತಲ್ರಿ, ಮತ್ಯಾಕೆ ಬೇಕು ಎಮರ್ಜೆನ್ಸಿ ಲೈಟು?"

ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ಹೊಸ ಮಳಿಗೆ ಕಟ್ಟಿಸಿದ ಯಾರನ್ನೇ ಕೇಳಿ, ಈ ಮಾತು ಬರುತ್ತದೆ. ಮಾಲೀಕರು ಹೇಳುತ್ತಾರೆ, ನಕ್ಷೆ ಹಾಕಿಕೊಟ್ಟವರು ಹೇಳುತ್ತಾರೆ, ವೈರಿಂಗ್ ಮಾಡಿದವರೂ ಹೌದೆಂದು ತಲೆಯಾಡಿಸುತ್ತಾರೆ. ಇಷ್ಟು ಜನ ಇಷ್ಟು ಖಚಿತವಾಗಿ ಹೇಳುವ ಈ ಮಾತು ಪೂರ್ತಿ ತಪ್ಪು. ಜೀವಕ್ಕೆ ಸಂಬಂಧಿಸಿದ ತಪ್ಪಾದ್ದರಿಂದ ಇದನ್ನು ಬಿಡಿಸಿ ಹೇಳಲೇಬೇಕು.

2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದೂ ಆ ಜಿಲ್ಲೆಯ ಊರುಗಳು. ಇವುಗಳ ಮುಖ್ಯರಸ್ತೆಯ ಕಟ್ಟಡಗಳ ಸ್ವರೂಪ ಈಗ ಬಹುಮಟ್ಟಿಗೆ ಒಂದೇ. ಕೆಳಗೆ ಜವಳಿ ಅಂಗಡಿ, ಮೇಲೆ ಬ್ಯಾಂಕೋ ಫೈನಾನ್ಸೋ, ಅದರ ಮೇಲೆ ಕೋಚಿಂಗ್ ಸೆಂಟರ್ ಅಥವಾ ನರ್ಸಿಂಗ್ ಹೋಂ. ಮುಂಭಾಗಕ್ಕೆಲ್ಲ ಗಾಜು, ಒಳಗೆ ಎ.ಸಿ., ಕಿಟಕಿ ಹೆಸರಿಗೆ ಮಾತ್ರ. ಮೇಲೆ ಫಾಲ್ಸ್ ಸೀಲಿಂಗ್, ಅದರಲ್ಲಿ ಎರಡಡಿ ಚೌಕದ ಎಲ್‌ಇಡಿ ಪ್ಯಾನೆಲ್‌ಗಳು. ಹತ್ತಿ ಇಳಿಯಲು ಇರುವುದು ಒಂದೇ ಮೆಟ್ಟಿಲು. ಇಂಥ ಕಟ್ಟಡದಲ್ಲಿ ಲೈಟ್ ಹೋದರೆ ಮಟಮಟ ಮಧ್ಯಾಹ್ನದಲ್ಲೂ ಒಳಗೆ ಕತ್ತಲೆ. ನಮ್ಮ ಹಳೆಯ ಅಂಗಡಿಗಳಿಗೆ ಬಾಗಿಲು, ಗವಾಕ್ಷಿಗಳ ಬೆಳಕಾದರೂ ಇತ್ತು.

ಇನ್ವರ್ಟರ್ ಏನು ಮಾಡುತ್ತದೆ ಎಂದು ನೋಡೋಣ. ತನ್ನೊಳಗೆ ಬರುವ ಕರೆಂಟನ್ನು ಅದು ಕಾಯುತ್ತಿರುತ್ತದೆ. ಆ ಕರೆಂಟ್ ನಿಂತಾಗ ಬ್ಯಾಟರಿಯಿಂದ ಕೊಡಲು ಶುರು ಮಾಡುತ್ತದೆ. ಅದಕ್ಕೆ ಗೊತ್ತಾಗುವುದು ಅಷ್ಟೇ. ಮೂರನೇ ಮಹಡಿಯ ಪ್ಯಾಸೇಜಿನ ಎಂಸಿಬಿ ಟ್ರಿಪ್ ಆದರೆ, ಡಿಸ್ಟ್ರಿಬ್ಯೂಷನ್ ಬೋರ್ಡಿನಲ್ಲಿ ನ್ಯೂಟ್ರಲ್ ಸಡಿಲವಾದರೆ, ಫಾಲ್ಸ್ ಸೀಲಿಂಗ್ ಮೇಲೆ ಇಲಿ ಕಡಿದೋ ಬಿಸಿಯಾಗಿಯೋ ವೈರ್ ಸುಟ್ಟರೆ ಇನ್ವರ್ಟರ್‌ಗೆ ಏನೂ ತಿಳಿಯುವುದಿಲ್ಲ. ಅದರ ಲೆಕ್ಕದಲ್ಲಿ ಕರೆಂಟ್ ಇದೆ. ಬ್ಯಾಟರಿ ತುಂಬಿದೆ, ಹಸಿರು ದೀಪ ಉರಿಯುತ್ತಿದೆ, ಆದರೂ ಮೆಟ್ಟಿಲು ಕತ್ತಲೆ. ಇನ್ವರ್ಟರ್ ಕೊಡುವ ಕರೆಂಟ್ ಕೂಡ ಹರಿಯಬೇಕಾದದ್ದು ಅದೇ ಎಂಸಿಬಿ, ಅದೇ ವೈರ್, ಅದೇ ಸ್ವಿಚ್ ಮೂಲಕ. ಅವು ಕೆಟ್ಟಾಗ ಹಿಂದೆ ಎಷ್ಟು ದೊಡ್ಡ ಬ್ಯಾಟರಿ ಇದ್ದರೂ ಪ್ರಯೋಜನವಿಲ್ಲ. ಜನರೇಟರ್‌ಗೂ ಈ ಮಾತೇ.

ಇನ್ನು ಇನ್ವರ್ಟರ್ ಇಟ್ಟಿರುವ ಜಾಗ. ನಮ್ಮ ಊರುಗಳಲ್ಲಿ ಅದು ಮೆಟ್ಟಿಲ ಕೆಳಗಿನ ಸಂದಿಯಲ್ಲಿರುತ್ತದೆ. ಪಕ್ಕದಲ್ಲಿ ಮೀಟರ್ ಬೋರ್ಡ್, ಮೇನ್ ಸ್ವಿಚ್, ಅವುಗಳ ಮುಂದೆ ಬಟ್ಟೆಯ ಖಾಲಿ ಡಬ್ಬ, ಪ್ಲಾಸ್ಟಿಕ್ ಕವರ್, ಹಬ್ಬಕ್ಕೆ ಕಟ್ಟಿದ್ದ ಸೀರಿಯಲ್ ಸೆಟ್. ಶಾರ್ಟ್ ಸರ್ಕ್ಯೂಟ್ ಆದರೆ ಬೆಂಕಿ ಮೊದಲು ಹತ್ತುವ ಜಾಗ ಅದೇ. ಹೊಗೆ ಮೇಲೇರುವುದು ಮೆಟ್ಟಿಲ ದಾರಿಯಲ್ಲೇ, ಜನ ಇಳಿಯಬೇಕಾದದ್ದೂ ಅಲ್ಲೇ. ಅಪಾಯ ಬಂದಾಗ ಬೆಳಕು ಕೊಡಬೇಕಾದ ಯಂತ್ರ ಬೆಂಕಿಯ ನಡುವೆ ಕೂತಿರುತ್ತದೆ. ಬೆಂಕಿ ಕಂಡ ಕೂಡಲೇ ಯಾರಾದರೂ "ಮೇನ್ ಇಳಿಸ್ರಿ" ಎಂದು ಕೂಗುತ್ತಾರೆ, ಇನ್ವರ್ಟರನ್ನೂ ಆಫ್ ಮಾಡುತ್ತಾರೆ. ನೀರು ಹಾಕುವ ಮುನ್ನ ಹಾಗೆ ಮಾಡುವುದು ಸರಿಯೇ. ಆದರೆ ಆ ಗಳಿಗೆಯಲ್ಲಿ ಮೇಲಿನ ಮಹಡಿಯಲ್ಲಿರುವ ಮಕ್ಕಳಿಗೆ, ರೋಗಿಗಳಿಗೆ ಬೆಳಕು ಎಲ್ಲಿಂದ ಬರಬೇಕು?

ಇದೆಲ್ಲ ಊಹೆಯಲ್ಲ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಬೆಂಕಿ ಶುರುವಾದದ್ದು ನೆಲಮಹಡಿಯ ಟ್ರಾನ್ಸ್‌ಫಾರ್ಮರ್‌ನಲ್ಲಿ. ಹೊಗೆ ಮೆಟ್ಟಿಲ ದಾರಿ ಹಿಡಿದು ಬಾಲ್ಕನಿಗೆ ಏರಿತು. ಕತ್ತಲೆ, ಹೊಗೆ, ಮುಚ್ಚಿದ ದಾರಿ ಮೂರೂ ಒಟ್ಟಿಗೆ ಎದುರಾಗಿ 59 ಜನ ಸತ್ತರು. ತುರ್ತು ದೀಪಗಳು ಇರಲಿಲ್ಲ ಎಂಬುದು ನ್ಯಾಯಾಲಯದ ದಾಖಲೆಯಲ್ಲೇ ಇದೆ. ನಮ್ಮದೇ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ವಿದ್ಯುತ್ ವೈರುಗಳ ಡಕ್ಟಿನಿಂದ ಎದ್ದ ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ದಾರಿ ಕಾಣದೆ ಕೆಲವರು ಕಿಟಕಿಯಿಂದ ಹಾರಿದರು. ಒಂಬತ್ತು ಜನ ಸತ್ತರು. ಎರಡೂ ಕಡೆ ಬೆಂಕಿಯ ಮೂಲ ವಿದ್ಯುತ್ತೇ. ವಿದ್ಯುತ್ತಿನಿಂದಲೇ ಅಪಾಯ ಹುಟ್ಟುವಾಗ ಅದೇ ವೈರಿಂಗ್ ನಮ್ಮನ್ನು ಹೊರಗೆ ದಾಟಿಸುತ್ತದೆ ಎಂದು ನಂಬಿ ಕೂರುವುದು ಯಾವ ಧೈರ್ಯ?

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗ ಈ ವಿಷಯವನ್ನು ಸ್ಪಷ್ಟವಾಗಿ ಹೇಳಿದೆ. ತುರ್ತು ದೀಪಕ್ಕೆ ಕರೆಂಟ್ ಬರುವ ಮೂಲ ಮಾಮೂಲಿ ದೀಪಗಳ ಮೂಲಕ್ಕಿಂತ ಬೇರೆಯೇ ಆಗಿರಬೇಕು. ಒಂದು ದೀಪ ಕೆಟ್ಟರೆ ಉಳಿದವಕ್ಕೆ ತೊಂದರೆ ಆಗಬಾರದು. ಎಷ್ಟೇ ಚಿಕ್ಕ ಕಟ್ಟಡವಾದರೂ ಕನಿಷ್ಠ ಒಂದೂವರೆ ಗಂಟೆ ಉರಿಯಬೇಕು. ಹಾಗಾಗಿ "ನಮ್ಮದೇನು ಬೆಂಗಳೂರಿನ ಹತ್ತು ಮಹಡಿ ಕಟ್ಟಡವೇ" ಎಂಬ ಮಾತೂ ನಿಲ್ಲುವುದಿಲ್ಲ. ಮೂರು ಮಹಡಿಯ ಮೆಟ್ಟಿಲನ್ನು ತುಂಬಲು ಹೊಗೆಗೆ ಹೆಚ್ಚು ಹೊತ್ತು ಬೇಕಿಲ್ಲ.

ಪ್ಯಾನೆಲ್‌ಗೆ ಜೋಡಿಸುವ ಎಮರ್ಜೆನ್ಸಿ ಕಿಟ್ ಇನ್ವರ್ಟರಿನ ಈ ಕೊರತೆಯನ್ನೇ ತುಂಬುತ್ತದೆ. ಚಿಕ್ಕ ಬ್ಯಾಟರಿ, ಅದಕ್ಕೊಂದು ನಿಯಂತ್ರಣದ ಪೆಟ್ಟಿಗೆ, ಎರಡೂ ಫಾಲ್ಸ್ ಸೀಲಿಂಗ್ ಮೇಲೆ ಆಯಾ ಪ್ಯಾನೆಲ್‌ನ ಪಕ್ಕದಲ್ಲೇ ಕೂರುತ್ತವೆ. ಪ್ಯಾನೆಲ್‌ಗೆ ಕರೆಂಟನ್ನು ಹೊಂದಿಸಿ ಕೊಡುವ ಡ್ರೈವರ್‌ಗೂ ಪ್ಯಾನೆಲ್‌ಗೂ ನಡುವೆ ಈ ಪೆಟ್ಟಿಗೆಯನ್ನು ಸೇರಿಸುತ್ತಾರೆ. ಕರೆಂಟ್ ಇರುವಾಗ ಡ್ರೈವರ್ ಪ್ಯಾನೆಲನ್ನು ಉರಿಸುತ್ತದೆ, ಬ್ಯಾಟರಿ ಚಾರ್ಜ್ ಆಗುತ್ತಿರುತ್ತದೆ. ಆ ಸರ್ಕ್ಯೂಟಿನ ಕರೆಂಟ್ ಹೋದರೆ ಪೆಟ್ಟಿಗೆ ಡ್ರೈವರನ್ನು ಬಿಡಿಸಿ ಬ್ಯಾಟರಿಯಿಂದ ಎಲ್‌ಇಡಿಗಳಿಗೆ ಕೊಡುತ್ತದೆ. ಊರಿಗೇ ಕರೆಂಟ್ ಹೋಗಿರಲಿ, ಎಂಸಿಬಿ ಟ್ರಿಪ್ ಆಗಿರಲಿ, ಮೇನನ್ನು ಯಾರೋ ಇಳಿಸಿರಲಿ, ಕಾರಣ ಯಾವುದೇ ಆದರೂ ಅದು ಉರಿಯುತ್ತದೆ. ಕೆಳಗಿನ ಬೋರ್ಡ್ ಸುಟ್ಟು ಹೋದರೂ ಮೇಲಿನ ಪ್ಯಾನೆಲ್ ತನ್ನ ಬ್ಯಾಟರಿಯಲ್ಲಿ ನಿಂತಿರುತ್ತದೆ.

ಆದರೆ ಇನ್ವರ್ಟರ್ ನಂಬಿಕೆ ಇಲ್ಲೂ ಬಂದು ಕೆಲಸ ಕೆಡಿಸುತ್ತದೆ. ಕಿಟ್‌ಗೆ ಎರಡು ಫೇಸ್ ಬೇಕು. ಸ್ವಿಚ್ಚಿನ ಮೂಲಕ ಬರುವುದು ಡ್ರೈವರ್‌ಗೆ. ಸ್ವಿಚ್ಚಿಗೆ ಮೊದಲೇ, ಅದೇ ಲೈಟಿಂಗ್ ಸರ್ಕ್ಯೂಟಿನಿಂದ ನೇರವಾಗಿ ತಂದದ್ದು ಕಿಟ್‌ಗೆ. ಕೆಲವರು "ಇನ್ವರ್ಟರ್ ಲೈನಾದರೆ ಇನ್ನೂ ಭದ್ರ" ಎಂದು ಕಿಟ್‌ನ ಫೇಸನ್ನು ಇನ್ವರ್ಟರ್‌ನಿಂದ ಎಳೆಯುತ್ತಾರೆ, ಪ್ಯಾನೆಲ್‌ನ ಡ್ರೈವರ್ ಮಾತ್ರ ಮಾಮೂಲಿ ಲೈನಿನಲ್ಲೇ ಉಳಿಯುತ್ತದೆ. ಆಗ ಕರೆಂಟ್ ಹೋದರೆ ಪ್ಯಾನೆಲ್ ಆರುತ್ತದೆ. ಇನ್ವರ್ಟರ್ ಕೊಡುತ್ತಲೇ ಇರುವುದರಿಂದ ಕಿಟ್‌ಗೆ ಕರೆಂಟ್ ಹೋದದ್ದೇ ಗೊತ್ತಾಗುವುದಿಲ್ಲ. ದುಡ್ಡು ಕೊಟ್ಟು ಹಾಕಿಸಿದ ತುರ್ತು ದೀಪ ಬೇಕಾದ ಹೊತ್ತಿಗೆ ಸುಮ್ಮನೆ ಕೂತಿರುತ್ತದೆ. ಇನ್ನು ಕೆಲವರು ಎರಡೂ ಫೇಸನ್ನು ಸ್ವಿಚ್ಚಿನ ಆಚೆಯಿಂದಲೇ ಕೊಡುತ್ತಾರೆ. ಆಗ ರಾತ್ರಿ ಸ್ವಿಚ್ ಆಫ್ ಮಾಡಿ ಶಟರ್ ಎಳೆದರೆ ಕರೆಂಟೇ ಹೋಯಿತೆಂದು ಕಿಟ್ ಉರಿಯತೊಡಗುತ್ತದೆ. ದಿನಾ ರಾತ್ರಿ ಹೀಗೆ ಖಾಲಿಯಾದ ಬ್ಯಾಟರಿ ಬೇಗ ಸಾಯುತ್ತದೆ. ಆಮೇಲೆ ದೂರು ಬರುವುದು ಕಿಟ್‌ನ ಮೇಲೆ.

ನಿಮ್ಮ ಕಟ್ಟಡ ಹೇಗಿದೆ ಎಂದು ಇವತ್ತು ರಾತ್ರಿಯೇ ನೋಡಬಹುದು. ಮೇನ್ ಇಳಿಸಿ ನೋಡಬೇಡಿ. ಮೇನ್ ಇಳಿಸಿದರೆ ಇನ್ವರ್ಟರ್ ಚಾಲೂ ಆಗುತ್ತದೆ, ತಪ್ಪು ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ಮೆಟ್ಟಿಲು ಮತ್ತು ಪ್ಯಾಸೇಜಿನ ಎಂಸಿಬಿಯನ್ನು ಮಾತ್ರ ಇಳಿಸಿ. ಮೇಲಿನ ಮಹಡಿಯಿಂದ ರಸ್ತೆಗೆ ಇಳಿಯಿರಿ, ಮೊಬೈಲ್ ಜೇಬಿನಲ್ಲೇ ಇರಲಿ. ಎಲ್ಲಿ ಗೋಡೆ ತಡವಬೇಕಾಯಿತೋ ಅಲ್ಲಿ ಒಂದು ದೀಪ ಬೇಕು.

ಉಳಿದ ತಪ್ಪು ತಿಳಿವಳಿಕೆಗಳಿಗೆ ಒಂದೊಂದು ಮಾತು ಸಾಕು.

ಎಲ್ಲ ಪ್ಯಾನೆಲ್‌ಗೂ ಕಿಟ್ ಹಾಕಿಸಬೇಕೆಂದು ಹೆದರುವವರಿದ್ದಾರೆ. ಹೊರಹೋಗುವ ದಾರಿ, ತಿರುವು, ಮೆಟ್ಟಿಲು, ಬಾಗಿಲು, ಬೆಂಕಿ ಆರಿಸುವ ಸಿಲಿಂಡರ್ ಇರುವ ಜಾಗ, ಇಷ್ಟಕ್ಕೆ ಹಾಕಿದರೆ ಸಾಕು.

36 ವ್ಯಾಟ್ ಪ್ಯಾನೆಲ್ ಬ್ಯಾಟರಿಯಲ್ಲಿ ಮಂಕಾಗಿ ಉರಿದರೆ ಕಿಟ್ ಕೆಟ್ಟಿದೆ ಎಂದಲ್ಲ. ಅದನ್ನು ಮೂರು ನಾಲ್ಕು ವ್ಯಾಟ್‌ನಲ್ಲಿ ಉರಿಯುವಂತೆಯೇ ಮಾಡಿರುತ್ತಾರೆ. ಸಂಹಿತೆ ಕೇಳುವುದು ದಾರಿಯ ನಡುವೆ ನೆಲದ ಮೇಲೆ ಹತ್ತು ಲಕ್ಸ್ ಬೆಳಕು ಮಾತ್ರ.

ಕಿಟ್‌ನ ಹಸಿರು ಚುಕ್ಕೆ ದೀಪ ಉರಿದರೆ ಎಲ್ಲ ಸರಿ ಎಂದೂ ಅಲ್ಲ. ಚಾರ್ಜ್ ಬರುತ್ತಿದೆ ಎಂಬುದಷ್ಟೇ ಅದರ ಅರ್ಥ, ಬ್ಯಾಟರಿ ಒಂದೂವರೆ ಗಂಟೆ ತಾಳುತ್ತದೋ ಇಲ್ಲವೋ ಉರಿಸಿಯೇ ನೋಡಬೇಕು.

ಒಮ್ಮೆ ಹಾಕಿಸಿದರೆ ಆಯುಷ್ಯಪೂರ್ತಿ ಬರುವುದಿಲ್ಲ. ಇಂಥ ಬ್ಯಾಟರಿಯನ್ನು ನಾಲ್ಕು ವರ್ಷಕ್ಕೊಮ್ಮೆ ಬದಲಿಸುವುದು ವಾಡಿಕೆ, ನಮ್ಮ ಬೇಸಿಗೆಯಲ್ಲಿ ತಗಡಿನ ಚಾವಣಿಗೂ ಫಾಲ್ಸ್ ಸೀಲಿಂಗಿಗೂ ನಡುವಿನ ಕಾವಿನಲ್ಲಿ ಅದಕ್ಕೂ ಮುಂಚೆ ಸೋಲುತ್ತದೆ.

ಯಾವ ಪ್ಯಾನೆಲ್‌ಗೆ ಯಾವ ಕಿಟ್ ಆದರೂ ನಡೆಯುತ್ತದೆ ಎಂಬುದು ಅಂಗಡಿಯವರ ಮಾತು. ಪ್ಯಾನೆಲ್‌ನ ವೋಲ್ಟೇಜ್ ಕಿಟ್‌ನ ಮಿತಿಯೊಳಗಿರಬೇಕು, ಬೇರೆ ಡ್ರೈವರ್ ಇಲ್ಲದ ಅಗ್ಗದ ಪ್ಯಾನೆಲ್‌ಗೆ ಸಾಮಾನ್ಯ ಕಿಟ್ ಕೂರುವುದೇ ಇಲ್ಲ.

ಕಲ್ಯಾಣ ಮಂಟಪದ ಇಪ್ಪತ್ತಡಿ ಎತ್ತರದ ಸೀಲಿಂಗಿಗೆ ಈ ವ್ಯವಸ್ಥೆ ಹೊಂದುವುದಿಲ್ಲ. ಹೊಗೆ ಮೊದಲು ತುಂಬುವುದು ಮೇಲೆಯೇ, ಅಲ್ಲಿ ಗೋಡೆಯ ಮೇಲೆ ಆಳೆತ್ತರಕ್ಕಿಂತ ತುಸು ಮೇಲೆ ಬೇರೆ ದೀಪ ಬೇಕು.

"ನಮ್ಮವರಿಗೆ ದಾರಿ ಕಣ್ಣು ಮುಚ್ಚಿದರೂ ಗೊತ್ತು" ಎನ್ನುವವರು ಕೊಟ್ಟೂರು ತೇರಿನ ದಿನ ಊರಿನ ಲಾಡ್ಜುಗಳನ್ನು, ಮೈಲಾರದ ಕಾರಣಿಕದ ಹೊತ್ತಿಗೆ ಹಡಗಲಿಯ ಅಂಗಡಿಗಳನ್ನು ನೆನಪು ಮಾಡಿಕೊಳ್ಳಲಿ. ಆಗ ಅಲ್ಲಿರುವವರಲ್ಲಿ ಬಹಳ ಜನಕ್ಕೆ ಹಿಂಬಾಗಿಲು ಎಲ್ಲಿದೆ ಎಂದೇ ಗೊತ್ತಿರುವುದಿಲ್ಲ.

ಇಷ್ಟೆಲ್ಲ ತಪ್ಪು ನಂಬಿಕೆಗಳಿಗೆ ಬೇರು ಒಂದೇ: "ಇಲ್ಲಿತನಕ ಏನೂ ಆಗಿಲ್ಲ." ಇದಕ್ಕಿಂತ ನನ್ನನ್ನು ರೇಗಿಸುವ ಮಾತು ಇನ್ನೊಂದಿಲ್ಲ. ಏನೂ ಆಗದಿರುವುದು ಕಟ್ಟಡದ ಯೋಗ್ಯತೆಗೆ ಪುರಾವೆಯಲ್ಲ. ಉಪಹಾರ್‌ನಲ್ಲೂ ಕಾರ್ಲ್‌ಟನ್‌ನಲ್ಲೂ ಹಿಂದಿನ ದಿನದವರೆಗೆ ಇದೇ ಮಾತು ಹೇಳಬಹುದಿತ್ತು. ನಾವು ಪೆಟ್ಟಿಗೆಯ ಮೇಲೆ ಅಚ್ಚಾದ "ಆಟೋಮ್ಯಾಟಿಕ್" ಎಂಬ ಮಾತನ್ನು ನಂಬುತ್ತೇವೆ. ಪಕ್ಕದ ಮಳಿಗೆಯವರು ಹಾಕಿಸಿಲ್ಲ ಎಂಬುದನ್ನೇ ಕಾರಣ ಮಾಡಿಕೊಳ್ಳುತ್ತೇವೆ. ಹೊರದಾರಿ ತೋರಿಸಲು ಗೋಡೆಗೆ ಅಂಟಿಸಿದ ಹಸಿರು ಸ್ಟಿಕ್ಕರನ್ನು ದೀಪವೆಂದು ತಿಳಿಯುತ್ತೇವೆ. ಒಂದು ಎಂಸಿಬಿ ಇಳಿಸಿದರೆ ಸತ್ಯ ಎದುರಿಗೆ ಬರುತ್ತದೆ, ಅಷ್ಟನ್ನು ಮಾತ್ರ ಮಾಡುವುದಿಲ್ಲ. ಕಂಡದ್ದನ್ನು ಬಿಟ್ಟು ಕೇಳಿದ್ದನ್ನು ನಂಬುವ ಈ ಚಾಳಿಗೆ ಓದಿದವರು, ಓದದವರು ಎಂಬ ಭೇದವಿಲ್ಲ. ಗಿರಾಕಿ, ರೋಗಿ, ವಿದ್ಯಾರ್ಥಿ ಯಾರೂ ಒಳಗೆ ಬರುವಾಗ ವೈರಿಂಗ್ ನೋಡಿ ಬರುವುದಿಲ್ಲ. ಅವರು ಕಟ್ಟಡದ ಮಾಲೀಕರನ್ನು ನಂಬಿ ಬರುತ್ತಾರೆ. ಆ ನಂಬಿಕೆಗೆ ಮಾಲೀಕರು ಕೊಡಬೇಕಾದ ಉತ್ತರ ದೊಡ್ಡ ಖರ್ಚಿನದೇನೂ ಅಲ್ಲ: ದಾರಿಯುದ್ದಕ್ಕೂ ಕೆಲವು ಕಿಟ್‌ಗಳು, ಸರಿಯಾದ ವೈರಿಂಗ್, ವರ್ಷಕ್ಕೊಂದು ಪೂರ್ತಿ ಪರೀಕ್ಷೆ.

ಆ ಪರೀಕ್ಷೆಗೆ ದಿನವನ್ನೂ ಹೊಸದಾಗಿ ಹುಡುಕಬೇಕಿಲ್ಲ. ಆಯುಧ ಪೂಜೆಗೆ ನಮ್ಮಲ್ಲಿ ಮೇನ್ ಬೋರ್ಡಿಗೂ ಇನ್ವರ್ಟರಿಗೂ ವಿಭೂತಿ, ಕುಂಕುಮ ಹಚ್ಚಿ ಹೂ ಏರಿಸುತ್ತಾರೆ. ಪೂಜೆ ಮುಗಿದು ಜನ ಹೋದ ಮೇಲೆ ಲೈಟಿನ ಎಂಸಿಬಿಗಳನ್ನು ಇಳಿಸಿ ಒಂದೂವರೆ ಗಂಟೆ ಕಾಯಲಿ. ಅಷ್ಟು ಹೊತ್ತು ತಾಳದ ಪ್ಯಾನೆಲ್‌ಗಳ ಬ್ಯಾಟರಿ ಬದಲಿಸಲು ಬರೆದಿಡಲಿ, ಬೋರ್ಡಿನ ಮುಂದಿನ ಡಬ್ಬಗಳನ್ನು ಅವತ್ತೇ ಎತ್ತಿಸಲಿ. ಆಮೇಲೆ ಎಂಸಿಬಿ ಎತ್ತಿ, ಮೇನ್ ಇಳಿಸದೆ ಶಟರ್ ಎಳೆಯಲಿ. ಮರುದಿನ ವಿಜಯದಶಮಿ, ಬಹಳ ಅಂಗಡಿಗಳಿಗೆ ರಜೆ. ಖಾಲಿಯಾದ ಬ್ಯಾಟರಿಗಳು ಪೂರ್ತಿ ತುಂಬಲು ಬೇಕಾದ ಇಪ್ಪತ್ನಾಲ್ಕು ಗಂಟೆ ಅಲ್ಲಿ ಸಿಗುತ್ತದೆ.