ಬೆಳೆಯುವ ಉದ್ಯೋಗ: ಶೇಕಡಾ ಲೆಕ್ಕಕ್ಕೆ ಮರುಳಾಗಬೇಡಿ

ಪರೀಕ್ಷೆಗಳ ಫಲಿತಾಂಶ ಬಂದೊಡನೆ ಜಾಹೀರಾತುಗಳ ಸುಗ್ಗಿ. ‘ಅತಿ ವೇಗವಾಗಿ ಬೆಳೆಯುತ್ತಿರುವ ಉದ್ಯೋಗ, ಮನೆಯಲ್ಲೇ ಆನ್‌ಲೈನ್ ತರಬೇತಿ’ ಎಂಬ ಮಾತನ್ನು ನಂಬಿ ಹಣ ಕಟ್ಟುವ ಮುನ್ನ ವಿದ್ಯಾರ್ಥಿಗಳೂ ಪೋಷಕರೂ ಎರಡು ಪ್ರಶ್ನೆ ಕೇಳಿಕೊಳ್ಳಬೇಕು.

ಮೊದಲನೆಯದು, ಎಷ್ಟರಲ್ಲಿ ಎಷ್ಟು? ಇಂಥ ಉದ್ಯೋಗಗಳ ಪಟ್ಟಿಯನ್ನು ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಪ್ರಕಟಿಸುತ್ತದೆ. 2023ರಿಂದ 2033ರವರೆಗಿನ ಅದರ ಅಂದಾಜಿನಲ್ಲಿ ಮೊದಲ ಸ್ಥಾನ ಗಾಳಿಯಂತ್ರ ದುರಸ್ತಿ ಮಾಡುವ ತಂತ್ರಜ್ಞರಿಗೆ, ಬೆಳವಣಿಗೆ ಶೇ. 60. ಆದರೆ 2023ರಲ್ಲಿ ಆ ದೇಶದಲ್ಲಿದ್ದ ಅಂಥ ಹುದ್ದೆಗಳು ಸುಮಾರು 11,400 ಮಾತ್ರ. ಅಂದರೆ ಹತ್ತು ವರ್ಷಗಳಲ್ಲಿ ಹೆಚ್ಚುವುದು ಏಳು ಸಾವಿರಕ್ಕೂ ಕಡಿಮೆ. ವೃದ್ಧರನ್ನೂ ರೋಗಿಗಳನ್ನೂ ಮನೆಯಲ್ಲಿ ಆರೈಕೆ ಮಾಡುವವರ ಬೆಳವಣಿಗೆ ಶೇ. 21 ಅಷ್ಟೆ; ಹೆಚ್ಚುವ ಹುದ್ದೆಗಳು ಮಾತ್ರ ಎಂಟು ಲಕ್ಷಕ್ಕೂ ಅಧಿಕ! ವೇಗ ಬೇರೆ, ಅವಕಾಶ ಬೇರೆ. ಪ್ರಾಥಮಿಕ ಶಾಲೆಯ ಶೇಕಡಾ ಲೆಕ್ಕ ಇಲ್ಲಿ ನೆರವಿಗೆ ಬರುತ್ತದೆ.

ಎರಡನೆಯದು, ಆ ವಿದ್ಯೆ ಪರದೆಯ ಮೇಲೆ ಬರುವಂಥದೇ? ಅದೇ ಪಟ್ಟಿಯಲ್ಲಿ ಶೇ. 36ರಷ್ಟು ಬೆಳೆಯುವ ಡೇಟಾ ಸೈನ್ಸ್‌ಗೆ ಬೇಕಾದುದು ಗಣಿತ, ಸಂಖ್ಯಾಶಾಸ್ತ್ರ ಮತ್ತು ಕಂಪ್ಯೂಟರ್ ಜ್ಞಾನ. ಇವನ್ನು ಮನೆಯಲ್ಲಿ ಕುಳಿತು ಕಲಿಯಬಹುದು. ಮದ್ರಾಸ್ ಐಐಟಿ 2020ರಲ್ಲಿ ಆರಂಭಿಸಿದ ಕೋರ್ಸ್ ಇದಕ್ಕೆ ನಿದರ್ಶನ. ಜೆಇಇ ಬರೆಯದವರೂ ನಾಲ್ಕು ವಾರ ಪಾಠ ಕೇಳಿ ಅರ್ಹತಾ ಪರೀಕ್ಷೆ ಪಾಸಾದರೆ ಸೇರಬಹುದು. ಪಾಠ ಆನ್‌ಲೈನ್, ಪರೀಕ್ಷೆ ಮಾತ್ರ ನಿಗದಿತ ಕೇಂದ್ರದಲ್ಲಿ. ಐಐಟಿಗಳೊಂದಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್‌ಪಿಟಿಇಎಲ್‌ನ ಪಾಠಗಳು ಉಚಿತ. ಪ್ರಮಾಣಪತ್ರ ಬೇಕಾದವರು ಶುಲ್ಕ ಕಟ್ಟಿ, ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಆ ಕಾಗದಕ್ಕೆ ಬೆಲೆ ಬರುವುದೇ ಈ ಪರೀಕ್ಷೆಯಿಂದ.

ಸೌರಫಲಕ ಜೋಡಿಸುವವರ ಬೆಳವಣಿಗೆ ಶೇ. 48. ಸೌರಕೋಶ ಹೇಗೆ ವಿದ್ಯುತ್ ಕೊಡುತ್ತದೆಂಬುದನ್ನು ವಿಡಿಯೋ ನೋಡಿ ತಿಳಿಯಬಹುದು. ಮಾಳಿಗೆ ಹತ್ತಿ ಫಲಕ ಕೂರಿಸಿ, ವೈರಿಂಗ್ ಮಾಡಿ, ಅರ್ತಿಂಗ್ ಪರೀಕ್ಷಿಸುವುದನ್ನು ಕೈಯಾರೆ ಮಾಡಿಯೇ ಕಲಿಯಬೇಕು. ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ‘ಸೂರ್ಯಮಿತ್ರ’ ಯೋಜನೆ ಈ ತರಬೇತಿಗೆ 600 ಗಂಟೆ ನಿಗದಿ ಮಾಡಿದ್ದು ಸುಮ್ಮನಲ್ಲ.

ಪೋಷಕರೇ, ಶುಲ್ಕ ಕಟ್ಟುವ ಮೊದಲು ಉಚಿತ ಪಾಠವೊಂದನ್ನು ನಾಲ್ಕು ವಾರ ಓದಲು ಮಕ್ಕಳಿಗೆ ಹೇಳಿ. ಅಷ್ಟು ದಿನ ತಾವಾಗಿಯೇ ಕುಳಿತು ಓದಿದರೆ ಮುಂದಿನ ಹೆಜ್ಜೆ ಇಡಬಹುದು. ಆಸಕ್ತಿ ಉಳಿಯದಿದ್ದರೆ ಹಣವಾದರೂ ಉಳಿಯಿತು.