ಅಟ್ಟದ ಮೇಲಿನ ನಿಧಿ

ಅಮೇರಿಕೆಯ ಓಹಾಯೋ ಸಂಸ್ಥಾನದ ಡಿಫಾಯನ್ಸ್ ಎಂಬ ಊರಿನಲ್ಲಿ, 2012ನೆಯ ಇಸವಿಯಲ್ಲಿ, ಗತಿಸಿದ ಹಿರಿಯರ ಮನೆಯ ಅಟ್ಟವನ್ನು ತೆರವು ಮಾಡುತ್ತಿದ್ದ ಬಂಧುಗಳಿಗೆ ಧೂಳು ಹಿಡಿದ ರಟ್ಟಿನ ಪೆಟ್ಟಿಗೆಯೊಂದು ದೊರೆಯಿತು. ಅದರೊಳಗೆ ಹುರಿಯಿಂದ ಕಟ್ಟಿದ ಸುಮಾರು 700 ಚಿತ್ರದ ಕಾರ್ಡುಗಳಿದ್ದುವು. ಟೈ ಕಾಬ್, ಸೈ ಯಂಗ್, ಹೋನಸ್ ವ್ಯಾಗ್ನರ್ ಮೊದಲಾದ, 1910ರ ಸುಮಾರಿನ ಬೇಸ್‌ಬಾಲ್ ಆಟದ ವೀರರ ಭಾವಚಿತ್ರಗಳು. ಆ ಕಾಲದಲ್ಲಿ ಇಂತಹವನ್ನು ಮಿಠಾಯಿಯ ಸಂಗಡ ಪುಕ್ಕಟೆಯಾಗಿ ಕೊಡುತ್ತಿದ್ದರು. ಮಕ್ಕಳ ಕೈಸೇರಿದವು ಮಾಸಿ ಹರಿದುಹೋದುವು. ಯಾರೂ ಮುಟ್ಟದೆ ಬಿದ್ದಿದ್ದ ಇವುಗಳ ಅಂಚು ಮೂಲೆಗಳು ಮಾತ್ರ ಹೊಸದರಂತೆಯೇ ಉಳಿದಿದ್ದುವು. ಪರೀಕ್ಷಕರು ಮುಖ್ಯವಾಗಿ ನೋಡುವುದು ಇದನ್ನೇ. ಗೃಹಿಣಿಯೊಬ್ಬಳು ಅಕ್ಕರೆಯಿಂದ ಒರೆಸಿ ತಿದ್ದಿದ್ದರೆ ಬೆಲೆ ಇಳಿಯುತ್ತಿತ್ತು! ಆ ವರ್ಷದ ಮೊದಲನೆಯ ಹರಾಜಿನಲ್ಲಿ 37 ಕಾರ್ಡುಗಳಿಗೇ ಐದೂವರೆ ಲಕ್ಷ ಡಾಲರುಗಳಿಗೆ ಮೀರಿದ ಹಣ ಬಂದಿತು. ನನಗಾದರೋ ಅದಕ್ಕಿಂತ ಆಶ್ಚರ್ಯವೆನಿಸಿದ್ದು, ಆ ಮನೆತನದ 20 ಮಂದಿ ದಾಯಾದಿಗಳು ಕಾರ್ಡುಗಳನ್ನು ಸಮಭಾಗವಾಗಿ ಹಂಚಿಕೊಂಡರೆಂಬ ಸಂಗತಿ.