ಕಾಲಿಗೆ, ನೀರಿಗೆ ಕಲ್ಲು

ಗೊರೂರಿನ ಸುತ್ತಮುತ್ತ ಕಲ್ಲಿಗೆ ಬರವಿಲ್ಲ. ಆದರೂ ಹೇಮಾವತಿ ದಂಡೆಯ ಹಳೇ ತೊಟ್ಟಿಮನೆಗಳು ಕಲ್ಲಿನ ಮನೆಗಳಲ್ಲ. ಇಂಗ್ಲೆಂಡಿನ ಬೈಬರಿ ಎಂಬ ಹಳ್ಳಿಯಲ್ಲಿ ಗೋಡೆಯೂ ಕಲ್ಲು, ಮಾಡಿಗೆ ಹೊದಿಸಿದ್ದೂ ಕಲ್ಲು. ಆದರೆ ಹೊಯ್ಸಳರ ಈ ಸೀಮೆಯಲ್ಲಿ ಕಲ್ಲೆಲ್ಲ ದೇವರ ಪಾಲಿಗೆ ಹೋಯಿತು. ಸಂಸಾರಸ್ಥರು ಕಾಲು ಸವೆಸುವ ಕಡೆ, ನೀರು ಬೀಳುವ ಕಡೆ, ನೆಲದ ತೇವ ತಾಗುವ ಕಡೆ ಮಾತ್ರ ಕಲ್ಲಿಟ್ಟರು. ಮಿಕ್ಕಿದ್ದು ಮಣ್ಣು, ಮರ, ಹೆಂಚು.

ತಳಪಾಯ ಕಾಡುಗಲ್ಲಿನದು. ಜಗಲಿಯ ಅಂಚಿಗೆ ಉದ್ದನೆ ಚಪ್ಪಡಿ. ಕೂತೂ ಕೂತೂ ನುಣುಪಾಗಿದೆ. ತಲೆಬಾಗಿಲಲ್ಲಿ ಎಂಥವರೂ ತಲೆ ಬಗ್ಗಿಸಲೇಬೇಕು. ಹಜಾರ ದಾಟಿದರೆ ತೊಟ್ಟಿ. ನಾಲ್ಕೂ ಕಡೆಯ ಮಾಡು ಒಳಕ್ಕೇ ಇಳಿದಿದೆ. ಮಳೆನೀರು ಕಲ್ಲುಹಾಸಿನ ಮೇಲೆ ಸುರಿದು, ನೆಲದಡಿಯ ತೂಬಿನಿಂದ ಹಿತ್ತಲಿಗೆ ಹರಿಯುತ್ತದೆ. ಸೂರಿನ ಹನಿ ಬೀಳುವ ಕಡೆ ಬಗ್ಗಿ ನೋಡಿ: ಒಂದೊಂದು ಹೆಂಚಿನ ಸಾಲಿಗೂ ನೇರವಾಗಿ ಕಲ್ಲಿನಲ್ಲಿ ಒಂದೊಂದು ಪುಟ್ಟ ಗುಳಿ.

ತೊಟ್ಟಿಯ ಸುತ್ತಲಿನ ಮರದ ಕಂಬ ನೆಲಕ್ಕೆ ತಾಗುವುದೇ ಇಲ್ಲ. ಅಡಿಯಲ್ಲಿ ಕಲ್ಲಿನ ಪೀಠ, ನೆತ್ತಿಯ ಮೇಲೆ ಬೋದಿಗೆ, ಅದರ ಮೇಲೆ ತೊಲೆ. ಪೀಠ ಅಲಂಕಾರಕ್ಕಲ್ಲ, ನೆಲದ ತೇವ ಕಂಬಕ್ಕೆ ಏರಬಾರದು, ಗೆದ್ದಲು ಕದ್ದು ಹತ್ತಬಾರದು. ಅಟ್ಟದ ಜಂತೆಗಳನ್ನು ಕಾಯುತ್ತಿದ್ದದ್ದು ಅಡುಗೆಮನೆಯ ಹೊಗೆ. ಗ್ಯಾಸ್ ಬಂತು, ಹೊಗೆ ಹೋಯಿತು, ಹುಳ ಬಂತು! ಹಾಗಂತ ಯಾರೂ ಮತ್ತೆ ಸೌದೆ ಊದಬೇಕಿಲ್ಲ.

1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದು ಹಳ್ಳಿಗಳೇ ಮುಳುಗಿದವು. ಇಟ್ಟಿಗೆ-ಗಾರೆಯ ಶೆಟ್ಟಿಹಳ್ಳಿ ಚರ್ಚಿನ ಗೋಡೆಗಳು ಹಿನ್ನೀರಲ್ಲಿ ಮುಳುಗೆದ್ದು ಇಂದಿಗೂ ಪ್ರವಾಸಿಗರನ್ನು ಕರೆಯುತ್ತಿವೆ. ಮಣ್ಣುಗೋಡೆಗೆ ಅಂಥ ಆಯುಸ್ಸೆಲ್ಲಿ?

ಮುಳುಗದೆ ಉಳಿದ ಮನೆಗಳನ್ನು ಕೆಡವುತ್ತಿರುವುದು ವಯಸ್ಸಲ್ಲ, ಒಡೆದ ಹೆಂಚು. ಕೋತಿ ಹಾರಿ ಹೆಂಚು ಸರಿದರೆ ಒಂದೇ ಮಳೆಗಾಲ ಸಾಕು. ಗೋಡೆ ನೆನೆದು ಉಬ್ಬುತ್ತದೆ, ತೊಲೆ ಜಾರುತ್ತದೆ. ಹಿಂದೆ ವರ್ಷ ವರ್ಷವೂ ಮಾಡು ಹತ್ತಿ ಹೆಂಚು ಕೈಯಾಡಿಸುತ್ತಿದ್ದರು. ಈಗ ಹತ್ತುವ ಆಳೂ ಇಲ್ಲ, ಹತ್ತಿಸುವ ಯಜಮಾನನೂ ಊರಲ್ಲಿಲ್ಲ.

ಇಂಥ ಮನೆ ಇನ್ನೂ ನಿಮ್ಮದಾಗಿದ್ದರೆ ಮುಂಗಾರಿಗೆ ಮುಂಚೆ ಹೆಂಚು ನೋಡಿಸಿ. ಗಟ್ಟಿಯಾಗಲೆಂದು ಮಣ್ಣುಗೋಡೆಗೆ ಸಿಮೆಂಟು ಮಾತ್ರ ಬಳಿಸಬೇಡಿ. ತೇವ ಹೊರಬರಲು ದಾರಿ ಸಿಗದೆ ಗೋಡೆ ಒಳಗೊಳಗೇ ಉದುರುತ್ತದೆ.